ಪಕ್ಕದ ಸೀಟಿನ ರೇಸರ್

ಅಮೆರಿಕದ ಪಿಸ್ಕಾಟವೇಯ ಕನ್ನಡದ ಮನೆಗಳಿಗೆ ವಸಿಷ್ಠನ ಹೆಸರು ಅವನಿಗಿಂತ ಮೊದಲೇ ಬಂದು ತಲುಪಿತ್ತು. ಪ್ರಿನ್ಸ್‌ಟನ್ನಿನ ಔಷಧ ಕಂಪನಿಯಲ್ಲಿ ಸಂಶೋಧನೆಯ ಕೆಲಸಕ್ಕೆ ಸೇರಿದ ಗಗನಾಳ ಗಂಡ ಇಂಗ್ಲೆಂಡಿನಲ್ಲೇ ಹುಟ್ಟಿದವನಂತೆ, ರೇಸ್ ಡ್ರೈವರ್ ಅಂತೆ, ಅದೂ ಸಾಮಾನ್ಯ ಕಾರಲ್ಲ, ನಾಲ್ಕು ಚಕ್ರವೂ ಹೊರಗೆ ಕಾಣುವ, ಒಬ್ಬನೇ ಒರಗಿ ಮಲಗಿದ ಹಾಗೆ ಕೂತು ಓಡಿಸುವ ಕಾರಂತೆ ಎಂದು ಸುದ್ದಿಯಾಗಿತ್ತು. ಆದ್ದರಿಂದ ಅವನು ಮೊದಲ ಸಲ ಯುಗಾದಿ ಊಟಕ್ಕೆ ಬಂದು ಪೇಪರ್ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ, ಮುಂದೆ ನಿಂತಿದ್ದ ಈಶಣ್ಣ ತಿರುಗಿ ಅವನ ಕೈ ಹಿಡಿದವರು ಬಿಡಲೇ ಇಲ್ಲ.

ಈಶಣ್ಣ ಗದಗಿನ ಕಡೆಯವರು, ಟೆಲಿಕಾಂ ಕಂಪನಿಯಲ್ಲಿ ಎಂಜಿನಿಯರ್. ಐವತ್ತು ದಾಟಿದ್ದರೂ ರೇಸ್ ನೋಡುವ ಹುಚ್ಚು ಇಳಿದಿರಲಿಲ್ಲ. ಯುರೋಪಿನಲ್ಲಿ ರೇಸ್ ಇರುವ ಭಾನುವಾರದ ಬೆಳಿಗ್ಗೆ ಹೆಂಡತಿ ಶೈಲಮ್ಮ ಏನು ಕೂಗಿದರೂ ಅವರಿಗೆ ಕೇಳಿಸುತ್ತಿರಲಿಲ್ಲ.

"ಕಾವೆಂಟ್ರಿ ವಸಿಷ್ಠ ಕೃಷ್ಣಸ್ವಾಮಿ ಅಂದ್ರ ನೀವ ಏನ್ರಿ? ಸಿಲ್ವರ್‌ಸ್ಟೋನ್‌ದಾಗ ಮಳ್ಯಾಗ ಗೆದ್ದಿದ್ರಲ್ಲ, ಆ ವಿಡಿಯೋ ನಾ ಎಷ್ಟ್ ಸಲ ನೋಡೇನೋ ಏನೋ. ಆಮ್ಯಾಲೆ ಯಾಕ್ ಬಿಟ್ರಿ?"

"ಸ್ಪಾನ್ಸರ್ ಕೈಕೊಟ್ರು ಈಶಣ್ಣ. ಬೆನ್ನೂ ಸ್ವಲ್ಪ ತೊಂದರೆ ಕೊಡ್ತಿತ್ತು," ಎಂದ ವಸಿಷ್ಠ.

ಎರಡೂ ನಿಜವಲ್ಲ.

ಅವನ ತಂದೆ ಕೃಷ್ಣಸ್ವಾಮಿ ಮೈಸೂರಿನಿಂದ ಹೋಗಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಗೇರ್‌ಬಾಕ್ಸ್ ವಿನ್ಯಾಸದ ಕೆಲಸ ಹಿಡಿದು ಅಲ್ಲೇ ನೆಲೆಸಿದವರು. ಎಂಟು ವರ್ಷದ ಮಗ ಸಹಪಾಠಿಯ ಹುಟ್ಟುಹಬ್ಬದಲ್ಲಿ ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಕಾರು ಹತ್ತಿ, ಇಳಿಯಲು ಒಪ್ಪದೆ ಅತ್ತಾಗ ಅವರು ಮೊದಲು ಸಿಟ್ಟಾದರು, ಆಮೇಲೆ ಯೋಚಿಸಿದರು, ಕೊನೆಗೆ ಒಂದು ಹಳೆಯ ಕಾರ್ಟ್ ಕೊಂಡು ತಂದರು. ಅಲ್ಲಿಂದ ಮುಂದೆ ಅಪ್ಪ ಮಗನ ಶನಿವಾರ, ಭಾನುವಾರಗಳೆಲ್ಲ ವ್ಯಾನಿನಲ್ಲೇ ಕಳೆದವು. ತುಂತುರು ಮಳೆ, ಒದ್ದೆ ಹುಲ್ಲು, ಫ್ಲಾಸ್ಕಿನ ಕಾಫಿ, ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ. ಅಮ್ಮ ಮಾತ್ರ ಒಂದು ದಿನವೂ ನೋಡಲು ಬರಲಿಲ್ಲ. ಸಂಜೆ ಫೋನಿನಲ್ಲಿ "ಮುಗೀತಾ?" ಎಂದು ಕೇಳುವಳು. ಗೆದ್ದನೋ ಸೋತನೋ ಅವಳಿಗೆ ಬೇಕಿರಲಿಲ್ಲ, ಮುಗಿದಿದ್ದರೆ ಸಾಕಿತ್ತು.

ವಸಿಷ್ಠನಲ್ಲಿ ಇದ್ದ ಪ್ರತಿಭೆ ಒಂದೇ. ತಿರುವು ಹತ್ತಿರ ಬಂದು ಉಳಿದವರೆಲ್ಲ ಬ್ರೇಕ್ ಒತ್ತಿದ ಮೇಲೂ ಅವನು ಒತ್ತುತ್ತಿರಲಿಲ್ಲ. ಇನ್ನೇನು ಹೋದ ಎಂದು ನೋಡುವವರು ಉಸಿರು ಹಿಡಿದಾಗ ಒತ್ತಿ, ಹೇಗೋ ಕಾರನ್ನು ತಿರುಗಿಸಿಕೊಂಡು ನಾಲ್ಕು ಜನರ ಮುಂದೆ ಹೊರಬರುತ್ತಿದ್ದ. ಹದಿನೇಳಕ್ಕೆ ಕಾರ್ಟ್ ಬಿಟ್ಟು ಒಂಟಿ ಸೀಟಿನ ಕಾರಿಗೆ ಬಂದ. ಹತ್ತೊಂಬತ್ತಕ್ಕೆ ಸಿಲ್ವರ್‌ಸ್ಟೋನ್ ಟ್ರ್ಯಾಕಿನ ಮಳೆಯಲ್ಲಿ ಕೊನೆಯ ಸಾಲಿನಿಂದ ಹೊರಟು ಗೆದ್ದ. ಆಮೇಲೆ ಯುರೋಪು. ಅಲ್ಲಿ ಅವನಷ್ಟೇ ತಡವಾಗಿ ಬ್ರೇಕ್ ಒತ್ತುವವರು ಊರಿಗೊಬ್ಬರಿದ್ದರು. ಒಮ್ಮೆ ಮೂರನೆಯವನಾಗಿ, ಹಲವು ಸಲ ಎಂಟನೆಯವನಾಗಿ ಬರುತ್ತ, ಮೇಲಿನ ಮೆಟ್ಟಿಲು ಕಣ್ಣಿಗೆ ಕಂಡರೂ ಕಾಲಿಗೆ ಸಿಗದೆ ಕೆಲವು ವರ್ಷ ಕಳೆದವು. ಇಂಡಿಯಾನಾದ ಒಂದು ತಂಡ ಕರೆದಾಗ ಅಮೆರಿಕಕ್ಕೆ ಬಂದ.

ಅಮೆರಿಕದ ಕೆಲವು ಟ್ರ್ಯಾಕುಗಳು ಮೊಟ್ಟೆಯಾಕಾರದವು. ಸುತ್ತಲೂ ಕಾಂಕ್ರೀಟಿನ ಗೋಡೆ, ಎಲ್ಲ ತಿರುವೂ ಎಡಕ್ಕೆ. ಎರಡನೆಯ ವರ್ಷದ ಬೇಸಿಗೆಯಲ್ಲಿ ಒಂದು ದಿನ ಆ ಗೋಡೆಯ ಪಕ್ಕದಲ್ಲಿ ಹೋಗುತ್ತಿದ್ದಾಗ ಅವನ ಹಿಂದಿನ ಟಯರ್ ಒಡೆಯಿತು. ಕಾರು ಗೋಡೆಗೆ ಬಡಿದು, ಮೇಲೆದ್ದು, ತಲೆಕೆಳಗಾಗಿ ಬಹುದೂರ ಜಾರಿತು. ಹೊರಗೆಳೆದು ನೋಡಿದರೆ ಅವನಿಗೆ ಹೆಬ್ಬೆರಳು ಉಳುಕಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಅವನೂ ಕೈ ಬೀಸಿದ.

ಮೂರು ವಾರದ ಮೇಲೆ ಮತ್ತೆ ಕಾರು ಹತ್ತಿದ. ಗೋಡೆಯ ಪಕ್ಕದ ತಿರುವಿಗೆ ಬಂದಾಗ ಅವನ ಬಲಗಾಲು ಆಕ್ಸಿಲರೇಟರ್ ಬಿಟ್ಟು ತಾನಾಗಿ ಮೇಲೆದ್ದಿತು. ಮುಂದಿನ ಸುತ್ತಿನಲ್ಲಿ ಹಲ್ಲು ಕಚ್ಚಿಕೊಂಡು ಒತ್ತಿ ಹಿಡಿಯಬೇಕೆಂದುಕೊಂಡ. ಮತ್ತೆ ಎದ್ದಿತು. ಮನಸ್ಸು ಒತ್ತು ಎನ್ನುತ್ತಿತ್ತು, ಕಾಲು ಬೇರೆ ಯಾರದೋ ಮಾತು ಕೇಳುತ್ತಿತ್ತು. ಒಂಟಿ ಸೀಟಿನ ಕಾರಿನಲ್ಲಿ ಒಬ್ಬನೇ ಕೂತರೂ ಅಲ್ಲಿ ಗುಟ್ಟು ಎಂಬುದಿಲ್ಲ. ಯಾವ ಜಾಗದಲ್ಲಿ ಎಷ್ಟು ಒತ್ತಿದೆ, ಯಾವ ಜಾಗದಲ್ಲಿ ಬಿಟ್ಟೆ ಎಂಬುದೆಲ್ಲ ಗೆರೆಯಾಗಿ ತಂಡದವರ ಪರದೆಯ ಮೇಲೆ ಬರುತ್ತದೆ. ತಂಡದ ಮುಖ್ಯಸ್ಥೆ ಆ ಗೆರೆಯ ತಗ್ಗಿನ ಮೇಲೆ ಪೆನ್ನಿನ ತುದಿ ಇಟ್ಟು, "ಇಲ್ಲಿ ಏನಾಗ್ತಿದೆ?" ಎಂದು ಕೇಳಿದಳು.

"ಹಿಂಭಾಗ ಜಾರುತ್ತಿದೆ. ಕಾರು ಸರಿಯಿಲ್ಲ," ಎಂದ.

ಡ್ರೈವರ್ ಹೇಳಿದರೆ ನಂಬಬೇಕು. ಮೆಕ್ಯಾನಿಕ್‌ಗಳು ಕಾರು ಬಿಚ್ಚಿದರು. ಸಸ್ಪೆನ್ಷನ್ ಬದಲಾಯಿಸಿದರು. ಮುಂದಿನ ರೇಸಿನಲ್ಲೂ ಅವನು ಅದನ್ನೇ ಹೇಳಿದ. ಗೇರ್‌ಬಾಕ್ಸ್ ಬದಲಾಯಿಸಿದರು. ಅದರ ಮುಂದಿನ ರೇಸಿನಲ್ಲೂ ಹೇಳಿದ. ಅವರು ಮಕ್ಕಳ ಹುಟ್ಟುಹಬ್ಬ ಬಿಟ್ಟು, ರಜೆ ಬಿಟ್ಟು, ಏನೂ ಆಗದ ಕಾರನ್ನು ಎರಡು ತಿಂಗಳು ರಿಪೇರಿ ಮಾಡಿದರು. ಅವನು ಪಕ್ಕದಲ್ಲಿ ನಿಂತು, ಗಂಭೀರ ಮುಖ ಮಾಡಿಕೊಂಡು, ಅಲ್ಲಿ ನೋಡಿ ಇಲ್ಲಿ ನೋಡಿ ಎನ್ನುತ್ತಿದ್ದ.

ಕೊನೆಗೆ ಒಂದು ಅಭ್ಯಾಸದ ದಿನ ಮುಖ್ಯಸ್ಥೆ ಅವನನ್ನು ಇಳಿಸಿ, ಜೊತೆಗಾರ ಬ್ರೆಜಿಲ್‌ನ ಹುಡುಗನನ್ನು ಅವನ ಕಾರಿನಲ್ಲಿ ಕೂರಿಸಿದಳು. ಆ ಹೊತ್ತಿಗೆ ಕೃಷ್ಣಸ್ವಾಮಿ ಕಾವೆಂಟ್ರಿಯಿಂದ ಬಂದಿದ್ದರು. ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿಕೊಂಡು ಟ್ರ್ಯಾಕಿನ ಬದಿಯಲ್ಲಿ ತಂಡದವರು ನಿಲ್ಲುವ ಪಿಟ್ ಗೋಡೆಯ ಬಳಿ ನಿಂತಿದ್ದರು. ಹುಡುಗ ಕೆಲವೇ ಸುತ್ತು ಹಾಕಿದ. ಆ ವರ್ಷ ವಸಿಷ್ಠ ಒಮ್ಮೆಯೂ ಮುಟ್ಟದ ವೇಗವನ್ನು ಅದೇ ಕಾರಿನಲ್ಲಿ ಆಟವಾಡಿದ ಹಾಗೆ ಮುಟ್ಟಿ ಬಂದು, ಹೆಲ್ಮೆಟ್ ತೆಗೆದು, "ಚೆನ್ನಾಗಿದೆ ಕಾರು," ಎಂದ. ಪಾಪ, ಅವನಿಗೆ ವಿಷಯವೇನೂ ತಿಳಿದಿರಲಿಲ್ಲ. ಮೆಕ್ಯಾನಿಕ್‌ಗಳು ಯಾರೂ ವಸಿಷ್ಠನ ಕಡೆ ನೋಡಲಿಲ್ಲ. ಒಬ್ಬ ಬೈದಿದ್ದರೂ ಎಷ್ಟೋ ಹಗುರವಾಗುತ್ತಿತ್ತು.

ಆ ವಾರವೇ ವಸಿಷ್ಠ ತಂಡ ಬಿಟ್ಟು ಅಪ್ಪನ ಜೊತೆ ಹೊರಟ; ಅಪ್ಪ ಕಾರಣ ಕೇಳಲಿಲ್ಲ. ಆದರೆ ವಿಮಾನ ನಿಲ್ದಾಣದಲ್ಲಿ ಯಾರೋ ನೆಂಟರು ಫೋನ್ ಮಾಡಿದಾಗ, "ಸ್ಪಾನ್ಸರ್‌ಗಳು ಕೈಕೊಟ್ರು ಕಣಪ್ಪ. ಅವನಿಗೆ ಬೆನ್ನೂ ಸರಿಯಿಲ್ಲ," ಎಂದು ಹೇಳಿದ್ದು ಪಕ್ಕದಲ್ಲಿ ಕೂತ ಅವನಿಗೆ ಕೇಳಿಸಿತು. ಅವನು ತಡೆಯಲಿಲ್ಲ. ಅಂದಿನಿಂದ ಅದೇ ಅವನ ಕಥೆಯಾಯಿತು. ಕಾವೆಂಟ್ರಿಗೆ ಮರಳಿ, ಮಕ್ಕಳಿಗೆ ಸಿಮ್ಯುಲೇಟರಿನಲ್ಲಿ ರೇಸ್ ಕಲಿಸುವ ಕೆಲಸ ಹಿಡಿದ. ಹತ್ತಿರದ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಬೆಂಗಳೂರಿನ ಗಗನಾ ಪರಿಚಯವಾಗಿ, ಮದುವೆಯಾದಾಗ ಅವಳಿಗೂ ಹೇಳಿದ್ದು ಅದೇ ಕಥೆ.

ಪಿಸ್ಕಾಟವೇಗೆ ಬಂದ ಮೇಲೆ ಗಗನಾ ಬೆಳಿಗ್ಗೆ ಪ್ರಿನ್ಸ್‌ಟನ್ನಿಗೆ ಡ್ರೈವ್ ಮಾಡಿಕೊಂಡು ಹೋಗುವಳು. ಅವಳ ವೀಸಾದ ಮೇಲೆ ಬಂದ ಅವನಿಗೆ ಕೆಲಸ ಮಾಡುವಂತಿರಲಿಲ್ಲ. ಬ್ರಿಟನ್ನಿನ ಲೈಸೆನ್ಸ್ ಇಟ್ಟುಕೊಂಡು ಬಹುದಿನ ಓಡಿಸುವಂತಿಲ್ಲ, ಇಲ್ಲಿಯದನ್ನೇ ಪಡೆಯಬೇಕು ಎಂದು ತಿಳಿದು, ಅವಳಿಗೆ ಹೇಳದೆ, ಡ್ರೈವಿಂಗ್ ಸ್ಕೂಲಿನ ಕಾರು ತೆಗೆದುಕೊಂಡು ಟೆಸ್ಟಿಗೆ ಹೋದ. ಪಾಸಾಗಿ ಬಂದು ಕಾರ್ಡ್ ತೋರಿಸಿದರಾಯಿತು ಎಂದುಕೊಂಡಿದ್ದ. ಟೆಸ್ಟ್ ಮಾಡುವ ಹೆಂಗಸು ಪಕ್ಕದಲ್ಲಿ ಕೂತು, ಸ್ಟಾಪ್ ಬೋರ್ಡಿನ ಬಳಿ ಎಡಕ್ಕೆ ತಿರುಗಿಸಲು ಹೇಳಿದಳು. ಬಲಬದಿಯಲ್ಲಿ ಓಡಿಸುವ ಈ ದೇಶದಲ್ಲಿ ಎಡಕ್ಕೆ ಹೊರಳಲು ಅಡ್ಡರಸ್ತೆ ದಾಟಬೇಕು; ಅಲ್ಲಿ ಎರಡೂ ಕಡೆಯಿಂದ ಕಾರುಗಳು ಬರುತ್ತಿದ್ದವು. ಅವನು ಕಾದ. ಒಂದು ಸಂದಿ ಬಂತು, ಹೋಗಲಿಲ್ಲ. ಇನ್ನೊಂದು ಬಂತು. ಕಾಲು ಬ್ರೇಕಿನ ಮೇಲಿಂದ ಏಳಲೇ ಇಲ್ಲ. ಹಿಂದಿನವರು ಹಾರ್ನ್ ಹಾಕತೊಡಗಿದರು.

"ಅಷ್ಟು ಜಾಗದಲ್ಲಿ ಒಂದು ಟ್ರಕ್ಕೇ ದಾಟಬಹುದಿತ್ತು, ಸರ್," ಎಂದಳು ಆಕೆ. ಅರ್ಜಿ ನೋಡಿ, ಬೇಸರ ಮಾಡಿಸಬಾರದೆಂದು ಮೆಲ್ಲಗೆ, "ಮೊದಲು ಎಲ್ಲಾದರೂ ಕಾರು ಓಡಿಸಿದ್ದೀರಾ?" ಎಂದು ಕೇಳಿದಳು.

"ಸ್ವಲ್ಪ," ಎಂದ.

ಫೇಲಾದದ್ದನ್ನು ಗಗನಾಳಿಗೆ ಹೇಳಲಿಲ್ಲ. ಟೆಸ್ಟಿಗೆ ಇನ್ನೂ ದಿನ ಸಿಕ್ಕಿಲ್ಲ ಎನ್ನುತ್ತ ಬಂದ. ಅಂಗಡಿಗೆ ನಡೆದು ಹೋಗುತ್ತಿದ್ದ. ಯಾರಾದರೂ ನೋಡಿ ಕಾರು ನಿಲ್ಲಿಸಿದರೆ ವಾಕಿಂಗ್ ಎನ್ನುತ್ತಿದ್ದ.

ಹೀಗಿರುವಾಗ ಮೇ ತಿಂಗಳಲ್ಲಿ ಈಶಣ್ಣ ಮನೆಗೆ ಬಂದರು.

"ನಮ್ಮ ಮಗಳಿಗೆ ಕಾರ್ ಕಲಿಯಾಕ ಪರ್ಮಿಟ್ ಬಂದ್ ಎರಡ್ ತಿಂಗಳಾತ್ರಿ. ನಾ ಕಲಸಾಕ ಕುಂತ್ರ ಅಕಿ ಅಳತಾಳ, ನಾ ಒದರತೀನಿ. ನೀವ್ ಒಂದೀಟ್ ಕಲಸ್ರಿ. ರೇಸರ್ ಕಡೆ ಕಲತೀನಿ ಅಂತ ಸಾಲ್ಯಾಗ ಹೇಳ್ಕೊಂಡ್ ಅಡ್ಡಾಡ್ಲಿ."

ಅವನಿ ಅವರ ಒಬ್ಬಳೇ ಮಗಳು, ಹದಿನೇಳು ವರ್ಷ, ಇಲ್ಲೇ ಹುಟ್ಟಿದವಳು. ಪರ್ಮಿಟ್ ಇರುವವರು ಓಡಿಸುವಾಗ ಈ ರಾಜ್ಯದ ಲೈಸೆನ್ಸ್ ಇರುವ ಹಿರಿಯರು ಪಕ್ಕದಲ್ಲಿ ಕೂರಬೇಕೆಂಬುದು ಕಾನೂನು. ನನ್ನ ಬಳಿ ಲೈಸೆನ್ಸ್ ಇಲ್ಲ ಎಂಬ ನಾಲ್ಕು ಮಾತು ವಸಿಷ್ಠನ ನಾಲಿಗೆಯ ತುದಿಗೆ ಬಂತು. ಯಾಕೆ ಇಲ್ಲ ಎಂದು ಅವರು ಕೇಳುತ್ತಾರೆ. ಅವನು, "ಆಯ್ತು ಈಶಣ್ಣ, ಭಾನುವಾರ ಕಳಿಸಿ," ಎಂದ. ಗಗನಾ ಸಂಜೆ ಅನುಮಾನದಿಂದ ಕೇಳಿದಾಗ, ಖಾಲಿ ಪಾರ್ಕಿಂಗ್ ಲಾಟಿನಲ್ಲಿ ತಾನೇ, ಬ್ರಿಟನ್ ಲೈಸೆನ್ಸ್ ಸಾಕು ಎಂದ.

ವಿಶ್ವವಿದ್ಯಾಲಯದ ಕ್ರೀಡಾಂಗಣದ ಪಕ್ಕದಲ್ಲಿ ದೊಡ್ಡ ಪಾರ್ಕಿಂಗ್ ಲಾಟ್ ಇದೆ. ಭಾನುವಾರ ಬೆಳಿಗ್ಗೆ ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಮೊದಲ ಕೆಲವು ವಾರ ಎಲ್ಲ ಚೆನ್ನಾಗಿ ನಡೆಯಿತು. ವಸಿಷ್ಠ ಒಳ್ಳೆಯ ಮೇಷ್ಟ್ರು. ಕಾರಿನ ಮೂತಿ ನೋಡಬೇಡ, ಹೋಗಬೇಕಾದ ಜಾಗ ನೋಡು, ಕೈ ತಾನಾಗಿ ಅಲ್ಲಿಗೆ ತಿರುಗುತ್ತದೆ ಎಂದು ಹೇಳಿಕೊಟ್ಟ. ಬ್ರೇಕನ್ನು ತುಳಿಯಬಾರದು, ಒತ್ತಬೇಕು ಎಂದ. ಅವನಿ ಬೇಗ ಕಲಿತಳು. ಅವಳ ಕೈ ಹಗುರವಾಗಿತ್ತು, ಕಣ್ಣು ದೂರ ನೋಡುತ್ತಿತ್ತು. ಎಷ್ಟೋ ವರ್ಷದ ನಂತರ ವಸಿಷ್ಠನಿಗೆ ಕಾರಿನಲ್ಲಿ ಕೂತು ಸಂತೋಷವಾಯಿತು. ಊರೊಳಗಿನ ರಸ್ತೆಗಳಲ್ಲೂ ಓಡಿಸಿದಳು. ಅವನು ಏನಾದರೂ ಹೇಳಿದರೆ, "ಗಾಟ್ ಇಟ್, ಅಂಕಲ್," ಎಂದಷ್ಟೇ ಅನ್ನುವಳು.

ಜೂನ್ ಕೊನೆಯ ಭಾನುವಾರ ಅವಳು, "ಕ್ಯಾನ್ ವಿ ಡು ದ ಹೈವೇ ಟುಡೇ? ಅಪ್ಪ ಸೆಡ್ ಓಕೆ," ಎಂದಳು.

ಬೇಡ ಎನ್ನಲು ವಸಿಷ್ಠನಿಗೆ ಕಾರಣ ಹೊಳೆಯಲಿಲ್ಲ. ರೇಸರ್ ಹೈವೇ ಬೇಡ ಎಂದರೆ ನಗುತ್ತಾಳೆ.

ಇನ್ನೂರ ಎಂಬತ್ತೇಳನೇ ಹೈವೇಗೆ ಸೇರುವ ಇಳಿಜಾರಿನಲ್ಲಿ ಅವನಿ ಎಲ್ಲವನ್ನೂ ಸರಿಯಾಗಿ ಮಾಡಿದಳು. ವೇಗ ಹೆಚ್ಚಿಸಿದಳು, ಕನ್ನಡಿ ನೋಡಿದಳು, ಇಂಡಿಕೇಟರ್ ಹಾಕಿದಳು, ಹೆಗಲ ಮೇಲಿಂದ ಹೊರಳಿ ನೋಡಿದಳು. ಹಿಂದೆ ದೂರದಲ್ಲಿ ಒಂದು ದೊಡ್ಡ ಟ್ರಕ್ ಬರುತ್ತಿತ್ತು. ಸಾಕಷ್ಟು ಜಾಗವಿತ್ತು. ಅವಳು ಎಡಕ್ಕೆ ಸರಿಯತೊಡಗಿದಳು. ವಸಿಷ್ಠ ಹಿಂದಕ್ಕೆ ಹೊರಳಿ ಗಾಜಿನಾಚೆ ಆ ಟ್ರಕ್ಕಿನ ಬಿಳಿಯ ಮುಖ ನೋಡಿದ. ಮರುಕ್ಷಣ ಅವನ ಕೈ ಸ್ಟಿಯರಿಂಗಿನ ಮೇಲಿತ್ತು. ಬಲಕ್ಕೆ ಜಗ್ಗಿದ. ಕಾರು ಬದಿಯ ಕಬ್ಬಿಣದ ತಡೆಗೆ ಉಜ್ಜಿ, ಕಿರ್ರೆಂದು ಒಂದಷ್ಟು ದೂರ ಎಳೆದುಕೊಂಡು ಹೋಗಿ ನಿಂತಿತು. ಟ್ರಕ್ ಪಕ್ಕದಿಂದ ತನ್ನ ಪಾಡಿಗೆ ತಾನು ಹೋಯಿತು.

ಇಬ್ಬರಿಗೂ ಪೆಟ್ಟಾಗಿರಲಿಲ್ಲ. ಅವನಿ ಸ್ಟಿಯರಿಂಗ್ ಬಿಡದೆ ಅವನ ಮುಖ ನೋಡಿದಳು. "ವೈ ಡಿಡ್ ಯು ಗ್ರ್ಯಾಬ್ ಇಟ್?" ಎಂದು ಮೆಲ್ಲಗೆ ಕೇಳಿದಳು. ಅವನು ಜೇಬಿನಿಂದ ಫೋನ್ ತೆಗೆದು ಈಶಣ್ಣನಿಗೆ ಕರೆ ಮಾಡಿದ.

ಪೊಲೀಸ್ ಬಂದ. ಅವಳ ಪರ್ಮಿಟ್ ನೋಡಿದ, ಅವನ ಬ್ರಿಟನ್ ಲೈಸೆನ್ಸ್ ತಿರುಗಿಸಿ ಮುರುಗಿಸಿ ನೋಡಿದ. ಏನಾಯಿತು ಎಂದು ಕೇಳಿದ.

"ಅವಳಿಗೆ ಟ್ರಕ್ಕಿನ ಅಂದಾಜು ಸಿಗಲಿಲ್ಲ," ಎಂದ ವಸಿಷ್ಠ, ಅವನಿಯ ಮುಖ ನೋಡುತ್ತ.

ಅವನು ಯೋಚಿಸಿ ಹೇಳಿದ ಮಾತಲ್ಲ ಅದು. ಆದರೆ ಬಾಯಿಂದ ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಸಮಯವಿತ್ತು. ಪೊಲೀಸ್ ಬರೆದುಕೊಳ್ಳುವವರೆಗೂ ಸಮಯವಿತ್ತು. ಅವನಿ ಅವನನ್ನೇ ನೋಡುತ್ತ ಕಾದಳು. ಆಮೇಲೆ ತಲೆ ತಗ್ಗಿಸಿದಳು. ಅಜಾಗರೂಕತೆಯಿಂದ ಓಡಿಸಿದ್ದಕ್ಕೆ ಒಂದು, ಪಕ್ಕದಲ್ಲಿ ಅರ್ಹರಿಲ್ಲದೆ ಓಡಿಸಿದ್ದಕ್ಕೆ ಇನ್ನೊಂದು ಎಂದು ಎರಡು ದಂಡದ ಟಿಕೆಟ್ ಬರೆದು ಪೊಲೀಸ್ ಅವಳ ಕೈಗೆ ಕೊಟ್ಟ. ವಸಿಷ್ಠನ ಹೆಸರಿಗೆ ಒಂದೂ ಇರಲಿಲ್ಲ.

ಈಶಣ್ಣ ಓಡಿ ಬಂದವರು ಮಗಳನ್ನು ತಬ್ಬಿಕೊಂಡು, ಆಮೇಲೆ ವಸಿಷ್ಠನ ಎರಡೂ ಕೈ ಹಿಡಿದುಕೊಂಡರು. "ನೀವ್ ಬಾಜೂಕ್ ಇದ್ರಿ ಅಂತ ಉಳದಾಳ್ರಿ. ಇಲ್ಲಾಂದ್ರ ಏನ್ ಆಗ್ತಿತ್ತೋ." ಎರಡನೆಯ ಟಿಕೆಟ್ ನೋಡಿ, "ಇಂಗ್ಲೆಂಡ್ ಲೈಸೆನ್ಸ್ ಇವ್ರಿಗೆ ನಡ್ಯಂಗಿಲ್ಲ ಕಾಣ್ತದ. ಇರ್ಲಿ ಬಿಡ್ರಿ, ನಿಮ್ದೇನ್ ತಪ್ಪು," ಎಂದು ಅವರೇ ಸಮಾಧಾನ ಹೇಳಿದರು.

ನಾಲ್ಕು ದಿನದ ಮೇಲೆ, ಗಗನಾ ಕೆಲಸದಿಂದ ಬಂದು ಕಾಫಿ ಕುಡಿಯುತ್ತಿದ್ದಾಗ, ಶೈಲಮ್ಮ ಬಂದರು. ಕೈಯಲ್ಲಿ ಸ್ಟೀಲ್ ಡಬ್ಬಿ. ಶೇಂಗಾ ಹೋಳಿಗೆ.

"ಏನ್ ಹೇಳ್ಲಿ ವಸಿಷ್ಠ ಅವ್ರ," ಎಂದು ಸೋಫಾದ ಅಂಚಿನಲ್ಲಿ ಕೂತು ಶುರುಮಾಡಿದರು. "ನಮ್ ಹುಡುಗಿ ಎಂಥಾ ಮಾತಾಡ್ತಾಳ ಅಂದ್ರ, ನೀವ ಸ್ಟಿಯರಿಂಗ್ ಜಗ್ಗಿದ್ರಿ ಅಂತಾಳ್ರಿ. ಅವ್ರಪ್ಪ ಹಿಂದಾಗಡೆ ಎಂದೂ ಹಂಗ ಬೈದಿಲ್ಲ, ಅಷ್ಟ್ ಬೈದ್ರು. ತಪ್ ಮಾಡಿದ್ದಲ್ದ ದೊಡ್ಡವ್ರ ಮ್ಯಾಲೆ ಹಾಕ್ತೀಯೇನು ಅಂತ. ಎರಡ್ ದಿನ ಆತು, ಊಟಕ್ಕ ಕೆಳಗ ಬರವಲ್ಲಳು. ನಿಮ್ಮ ಕಿವೀಗೆ ಬ್ಯಾರೆ ಯಾರರ ಹಾಕಿದ್ರ ನೀವ್ ಮನಸಿಗೆ ತಗೋಬ್ಯಾಡ್ರಿ. ಸಣ್ಣಾಕಿ, ಹೆದರ್ಯಾಳ."

ವಸಿಷ್ಠ ಡಬ್ಬಿ ತೆಗೆದುಕೊಂಡ. "ಪರವಾಗಿಲ್ಲ ಶೈಲಮ್ಮ," ಎಂದ. ತಪ್ಪು ಮಾಡಿದವನು ಕ್ಷಮಿಸುತ್ತಿದ್ದ. ಕ್ಷಮೆ ಕೇಳಲು ಬಂದವರು ಸಮಾಧಾನಗೊಂಡು, ಡಬ್ಬಿ ನಿಧಾನಕ್ಕೆ ಕೊಡಿ ಎಂದು ಹೇಳಿ ಹೋದರು.

ಬಾಗಿಲು ಹಾಕಿ ಬಂದ ಗಗನಾ ಕೂರಲಿಲ್ಲ.

"ನೀನು ಎಳೆದ್ಯಾ?"

ಅವನು ಡಬ್ಬಿಯ ಮುಚ್ಚಳ ನೋಡುತ್ತಿದ್ದ.

"ವಸಿಷ್ಠ, ನಿನ್ನನ್ನೇ ಕೇಳ್ತಿರೋದು. ಎಳೆದ್ಯಾ?"

"ಹೂಂ."

ಅಲ್ಲಿಂದ ಒಂದೊಂದಾಗಿ ಎಲ್ಲ ಹೊರಬಂತು. ಟೆಸ್ಟಿನಲ್ಲಿ ಫೇಲಾದದ್ದು, ಸ್ಪಾನ್ಸರ್ ಕಥೆ ಸುಳ್ಳೆಂಬುದು, ಆ ಕಾಂಕ್ರೀಟ್ ಗೋಡೆ, ಏನೂ ಆಗದ ಕಾರನ್ನು ಬಿಚ್ಚಿಸಿದ್ದು, ಬ್ರೆಜಿಲ್‌ನ ಹುಡುಗ ಇಳಿದು ಚೆನ್ನಾಗಿದೆ ಎಂದದ್ದು. ಹೇಳುವಾಗ ಅವನು ಒಮ್ಮೆಯೂ ಅವಳ ಕಡೆ ನೋಡಲಿಲ್ಲ. ಗಗನಾ ಎದುರಿನ ಕುರ್ಚಿಗೆ ಬಂದು ಕೂತಳು.

"ನಾನು ರೂಟ್ ಒನ್ ಹೈವೇನಲ್ಲಿ ಡ್ರೈವ್ ಮಾಡುವಾಗ ನೀನು ಪಕ್ಕದಲ್ಲಿ ಕೂತು ಕಾಲು ನೆಲಕ್ಕೆ ಒತ್ತುತ್ತಾ ಇರ್ತೀಯ. ರೇಸರ್‌ಗೆ ನನ್ನ ಡ್ರೈವಿಂಗ್ ಹಿಡಿಸಲ್ಲ ಅಂದ್ಕೊಂಡಿದ್ದೆ," ಎಂದಳು. "ಹೆದರಿಕೆ ಆಗತ್ತೆ ಅಂದಿದ್ರೆ ನಾನೇನು ನಗ್ತಿದ್ನಾ?"

"ಗೊತ್ತಿಲ್ಲ. ನಂಗೇ ನಾಚಿಕೆ."

"ನಿನ್ನ ನಾಚಿಕೆ ನೀನು ಇಟ್ಕೋ. ಅದನ್ನ ಆ ಹುಡುಗಿ ತಲೆ ಮೇಲೆ ಹಾಕಿದ್ಯಲ್ಲ." ಅವನ ಕೈಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, "ನನಗೆ ಹೇಳಿದ್ರೆ ಮುಗೀಲಿಲ್ಲ ಇದು," ಎಂದಳು.

ವಸಿಷ್ಠನಿಗೂ ಗೊತ್ತಿತ್ತು. ಆದರೂ ಈಶಣ್ಣನ ಮನೆಯ ರಸ್ತೆಯ ತಿರುವಿನವರೆಗೆ ಎರಡು ಸಲ ನಡೆದು ಹೋಗಿ ಹಿಂದಿರುಗಿದ.

ಕೋರ್ಟಿನ ವಿಚಾರಣೆ ಆಗಸ್ಟಿನಲ್ಲಿತ್ತು. ಟ್ರಾಫಿಕ್ ಕೇಸುಗಳನ್ನು ಈಗ ಜೂಮ್‌ನಲ್ಲೇ ನಡೆಸುತ್ತಾರೆ. ವಸಿಷ್ಠ ಅಂದು ಬೆಳಿಗ್ಗೆ ಈಶಣ್ಣನ ಮನೆಯ ಬೆಲ್ ಒತ್ತಿದಾಗ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಡೈನಿಂಗ್ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಅವನಿ ಕೂದಲು ಹಿಂದಕ್ಕೆ ಕಟ್ಟಿ ಪಕ್ಕದಲ್ಲಿದ್ದಳು. ಅವನನ್ನು ನೋಡಿ ಮುಖ ಪರದೆಯ ಕಡೆ ತಿರುಗಿಸಿಕೊಂಡಳು.

"ಬರ್ರಿ ಬರ್ರಿ, ನೀವ್ ಬಂದದ್ದ್ ಛಲೋ ಆತು," ಎಂದರು ಈಶಣ್ಣ. "ಜಡ್ಜ್ ಏನರ ಟೆಕ್ನಿಕಲ್ ಕೇಳಿದ್ರ ನೀವ ಹೇಳಬೌದು."

"ಈಶಣ್ಣ, ಮೊದಲು ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು," ಎನ್ನುವಷ್ಟರಲ್ಲಿ ಪರದೆಯಲ್ಲಿ ಅವನಿಯ ಹೆಸರು ಕರೆದರು. ಈಶಣ್ಣ ಬೆರಳು ತುಟಿಯ ಮೇಲಿಟ್ಟು ಸುಮ್ಮನಿರಿಸಿದರು.

ನ್ಯಾಯಾಧೀಶೆ ನರೆತ ಕೂದಲಿನ ಹೆಂಗಸು. ಆರೋಪ ಓದಿ, ಒಪ್ಪುತ್ತೀಯಾ ಎಂದು ಕೇಳಿದಳು. ಅವನಿ ಅಪ್ಪನ ಮುಖ ನೋಡಿದಳು. ಈಶಣ್ಣ ಒಪ್ಪಿಕೋ ಎಂದು ತಲೆ ಆಡಿಸಿದರು. ಅವಳು ಬಾಯಿ ತೆರೆಯುವ ಮೊದಲು ವಸಿಷ್ಠ ಬಾಗಿ ಕ್ಯಾಮೆರಾದ ಮುಂದೆ ಮುಖ ತಂದ.

"ಕ್ಷಮಿಸಿ, ಮೇಡಂ. ಅವಳ ತಪ್ಪಿಲ್ಲ. ಪಕ್ಕದಲ್ಲಿ ಕೂತಿದ್ದವನು ನಾನು. ಅವಳು ಸರಿಯಾಗಿ ಓಡಿಸುತ್ತಿದ್ದಳು. ನಾನು ಹೆದರಿ ಸ್ಟಿಯರಿಂಗ್ ಎಳೆದೆ. ಪೊಲೀಸಿಗೆ ಸುಳ್ಳು ಹೇಳಿದೆ," ಎಂದು ಇಂಗ್ಲಿಷಿನಲ್ಲಿ ಹೇಳಿದ.

ನ್ಯಾಯಾಧೀಶೆ ಕನ್ನಡಕ ಸರಿಮಾಡಿಕೊಂಡು, ನಿಮಗೆ ಈ ರಾಜ್ಯದ ಲೈಸೆನ್ಸ್ ಇದೆಯೇ ಎಂದು ಕೇಳಿದಳು.

"ಇಲ್ಲ. ಟೆಸ್ಟ್ ತೆಗೆದುಕೊಂಡೆ. ಫೇಲಾದೆ."

"ಇವಳಿಗೆ ಕಲಿಸಲು ಕೂರುವಾಗ ಅದು ನಿಮಗೆ ಗೊತ್ತಿತ್ತೇ?"

"ಗೊತ್ತಿತ್ತು."

ಈಶಣ್ಣ ಅಲ್ಲಾಡದೆ ಕೂತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಶೈಲಮ್ಮ ಸೌಟು ಹಿಡಿದು ನಿಂತಿದ್ದರು. ಸರ್ಕಾರಿ ವಕೀಲ ಏನೋ ಹೇಳಿದ, ನ್ಯಾಯಾಧೀಶೆ ಏನೋ ಕೇಳಿದಳು. ಮೊದಲನೆಯ ಆರೋಪ ಕೈಬಿಟ್ಟರು. ಎರಡನೆಯದು ಮಾತ್ರ ಉಳಿಯಿತು. ಪಕ್ಕದಲ್ಲಿ ಅರ್ಹರಿದ್ದಾರೆಯೇ ಎಂದು ನೋಡಿಕೊಳ್ಳುವುದು ಓಡಿಸುವವರ ಹೊಣೆಯಂತೆ.

"ಆ ಶಿಕ್ಷೆ ನನಗೆ ಕೊಡಿ," ಎಂದ ವಸಿಷ್ಠ.

"ನನ್ನ ಮುಂದೆ ನಿಮ್ಮ ಹೆಸರಿನಲ್ಲಿ ಯಾವ ಕೇಸೂ ಇಲ್ಲ, ಸರ್," ಎಂದು ಆಕೆ ಮುಂದಿನ ಹೆಸರು ಕರೆದಳು.

ಈಶಣ್ಣ ಲ್ಯಾಪ್‌ಟಾಪ್ ಮುಚ್ಚಿದರು. ಮಗಳ ತಲೆಯ ಮೇಲೆ ಕೈ ಇಡಲು ಹೋದರು. ಅವಳು ತಲೆ ಸರಿಸಿಕೊಂಡು ಎದ್ದಳು. "ಐ ಟೋಲ್ಡ್ ಯು, ಅಪ್ಪ," ಎಂದಳು. ಅವಳ ಸಿಟ್ಟು ವಸಿಷ್ಠನ ಮೇಲಿಗಿಂತ ಅಪ್ಪನ ಮೇಲೆ ಹೆಚ್ಚಿತ್ತು. ಇದನ್ನು ಅವನು ಎಣಿಸಿರಲಿಲ್ಲ. ತಾನು ಹೇಳಿದ ಒಂದು ಸುಳ್ಳು ತಂದೆ ಮಗಳ ನಡುವೆ ಹೋಗಿ ಕೂತಿತ್ತು; ಈಗ ನಿಜ ಹೇಳಿದರೂ ಅಲ್ಲಿಂದ ಏಳುವಂತಿರಲಿಲ್ಲ.

"ಅವನಿ, ಐ ಆಮ್ ಸಾರಿ," ಎಂದ.

"ಯು ಲುಕ್ಡ್ ಅಟ್ ಮಿ," ಎಂದಳು. "ಪೊಲೀಸ್ ಕೇಳಿದಾಗ ಯು ಲುಕ್ಡ್ ರೈಟ್ ಅಟ್ ಮಿ." ಮೆಟ್ಟಿಲು ಹತ್ತಿ ಹೋದಳು. ಮೇಲೆ ಬಾಗಿಲು ಮುಚ್ಚಿದ ಸದ್ದಾಯಿತು.

ಶೈಲಮ್ಮ ಏನು ಮಾಡಬೇಕೆಂದು ತೋಚದೆ, ಬಾಯಿಗೆ ರೂಢಿಯಾದ ಮಾತನ್ನೇ ಆಡಿದರು. "ಚಹಾ ಕುಡದ್ ಹೋಗ್ರಿ."

"ಬ್ಯಾಡ. ಅವ್ರು ಹೋಗ್ಲಿ," ಎಂದರು ಈಶಣ್ಣ, ಅವನ ಕಡೆ ನೋಡದೆ.

ಆ ವಾರ ವಸಿಷ್ಠ ಕಾವೆಂಟ್ರಿಗೆ ಫೋನ್ ಮಾಡಿ ಅಪ್ಪನಿಗೂ ಹೇಳಿದ. ಕೃಷ್ಣಸ್ವಾಮಿ ಪೂರ್ತಿ ಕೇಳಿಸಿಕೊಂಡರು.

"ನಂಗೆ ಅವತ್ತೇ ಗೊತ್ತಿತ್ತು ಮರಿ. ಆ ಹುಡುಗ ನಿನ್ನ ಕಾರು ಓಡಿಸಿದಾಗ ಗೋಡೆ ಹತ್ರ ನಿಂತಿದ್ದೆನಲ್ಲ."

"ಮತ್ತೆ ಯಾಕಪ್ಪ ಎಲ್ಲರಿಗೂ ಹಾಗೆ ಹೇಳಿದ್ರಿ?"

"ನಿನಗೋಸ್ಕರ ಹೇಳ್ತಿದೀನಿ ಅಂದ್ಕೊಂಡೆ. ಅಲ್ಲ. ನನ್ನ ಮಗ ಹೆದರ್ದ ಅಂತ ಹೇಳಕ್ಕೆ ನನಗೇ ಬಾಯಿ ಬರ್ಲಿಲ್ಲ." ಆಮೇಲೆ ಫೋನನ್ನು ಅಮ್ಮನ ಕೈಗೆ ಕೊಟ್ಟರು. ಅಮ್ಮ ಊಟ ಆಯಿತಾ ಎಂದು ಕೇಳಿದಳು.

ವಸಿಷ್ಠ ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡ. ತಲೆಯ ಮೇಲೆ ಹಳದಿ ಬೋರ್ಡ್ ಇಟ್ಟುಕೊಂಡ ಆ ಕಾರಿನಲ್ಲಿ, ಗುಜರಾತಿನ ಒಬ್ಬ ವಯಸ್ಸಾದ ಮೇಷ್ಟ್ರ ಪಕ್ಕದಲ್ಲಿ ಕೂತು, ಪಿಸ್ಕಾಟವೇಯ ಬೀದಿಗಳಲ್ಲಿ ಹಗಲು ಹೊತ್ತಿನಲ್ಲೇ ಸುತ್ತಿದ. ಕನ್ನಡದವರು ನೋಡಿದರು. ಸುದ್ದಿ ಹರಡಿತು. ಯಾರೂ ಮುಖಕ್ಕೆ ಏನೂ ಅನ್ನಲಿಲ್ಲ. ಆದರೆ ಅವನು ಅಂಗಡಿಯಲ್ಲಿ ಎದುರಾದಾಗ ರೇಸಿನ ಮಾತೆತ್ತುತ್ತಿದ್ದವರು ಈಗ ಹವಾಮಾನದ ಮಾತೆತ್ತತೊಡಗಿದರು. ಎರಡನೆಯ ಟೆಸ್ಟಿನಲ್ಲೂ ಫೇಲಾದ. ಅಂದು ಮನೆಗೆ ಬಂದು ಗಗನಾಳಿಗೆ ಬಾಗಿಲಲ್ಲೇ ಹೇಳಿದ. ಅವಳು, "ಸರಿ, ಮತ್ತೆ ಹೋಗು," ಎಂದು ಅಡುಗೆಗೆ ತಿರುಗಿದಳು. ಅವಳಿಗೂ ಅವನ ಮೇಲೆ ಮೊದಲಿನ ನಂಬಿಕೆ ಬಂದಿರಲಿಲ್ಲ. ಅವನು ಏನಾದರೂ ಹೇಳಿದರೆ ಒಂದು ಕ್ಷಣ ತೂಗಿ ನೋಡಿ ಆಮೇಲೆ ಹೂಂ ಎನ್ನುತ್ತಿದ್ದಳು. ಅಕ್ಟೋಬರ್ ಕೊನೆಗೆ ಪಾಸಾದ.

ನವೆಂಬರಿನಲ್ಲಿ ಹೈಸ್ಕೂಲಿನ ಸಭಾಂಗಣದಲ್ಲಿ ರಾಜ್ಯೋತ್ಸವ ನಡೆಯಿತು. ಹೋಗುವುದು ಬೇಡವೆಂದು ವಸಿಷ್ಠನಿಗಿತ್ತು, ಗಗನಾ ಬಿಡಲಿಲ್ಲ. ಊಟದ ಸಾಲಿನಲ್ಲಿ ಪಾರ್ಸಿಪನಿ ಎಂಬ ಊರಿನಿಂದ ಹೊಸದಾಗಿ ಬಂದ ಹುಡುಗ, ನಕುಲ್ ಎಂದು, ಅವನ ಪರಿಚಯ ಮಾಡಿಕೊಂಡು, "ಸರ್, ನೀವು ರೇಸಿಂಗ್‌ನಲ್ಲಿ ಇದ್ರಂತೆ. ಯಾಕೆ ಬಿಟ್ರಿ?" ಎಂದ.

"ಹೆದರಿಕೆ ಆಯ್ತು. ಅದಕ್ಕೆ ಬಿಟ್ಟೆ," ಎಂದ ವಸಿಷ್ಠ.

ನಕುಲ್ ತಮಾಷೆಯೆಂದು ಜೋರಾಗಿ ನಕ್ಕ. ಬಡಿಸುವ ಮೇಜಿನ ಆಚೆ ಸ್ವಯಂಸೇವಕಿಯಾಗಿ ನಿಂತಿದ್ದ ಅವನಿ ಸೌಟು ಎತ್ತಿದವಳು ವಸಿಷ್ಠನ ಮುಖ ನೋಡಿದಳು. ಅವಳಿಗೆ ಸೆಪ್ಟೆಂಬರಿನಲ್ಲೇ ಲೈಸೆನ್ಸ್ ಬಂದಿತ್ತೆಂದು ಯಾರೋ ಹೇಳಿದ್ದರು.

"ಡಿಡ್ ಯು ಪಾಸ್?" ಎಂದು ಕೇಳಿದಳು.

"ಹೋದ ತಿಂಗಳು. ಮೂರನೇ ಸಲಕ್ಕೆ."

ಅವಳು ನಗಲಿಲ್ಲ. ಬಿಸಿಬೇಳೆಬಾತ್ ಬಡಿಸಿ, ಮುಂದಿನ ತಟ್ಟೆಯ ಕಡೆ ತಿರುಗಿದಳು.

ಕಾರ್ಯಕ್ರಮ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ಎಲ್ಲರೂ ಒಟ್ಟಿಗೆ ಹೊರಟಿದ್ದರು. ವಸಿಷ್ಠ ಓಡಿಸುತ್ತಿದ್ದ. ಮುಂದೆ ಈಶಣ್ಣನ ಕಾರು ಹಿಂದಕ್ಕೆ ಬರಲು ಜಾಗ ಹುಡುಕುತ್ತಿತ್ತು. ಅವನು ನಿಂತು ದಾರಿ ಬಿಟ್ಟ. ಕಾರು ನಿಧಾನವಾಗಿ ಹಿಂದೆ ಬಂದು, ತಿರುಗಿ, ಅವನ ಹೆಡ್‌ಲೈಟಿನ ಮುಂದೆ ಹಾದುಹೋಯಿತು. ಹೋಗುವಾಗ ಈಶಣ್ಣ ಸ್ಟಿಯರಿಂಗಿನಿಂದ ಒಂದು ಕೈ ಎತ್ತಿದರು. ಯಾರೆಂದು ನೋಡಿ ಎತ್ತಿದರೋ, ದಾರಿ ಬಿಟ್ಟವರಿಗೆ ಯಾರಾದರೂ ಎತ್ತುವ ಹಾಗೆ ಎತ್ತಿದರೋ ವಸಿಷ್ಠನಿಗೆ ತಿಳಿಯಲಿಲ್ಲ. ಅವನೂ ಕೈ ಎತ್ತಿದ. ಅಷ್ಟರಲ್ಲಿ ಅವರು ರಸ್ತೆ ಸೇರಿದ್ದರು.